ಕಾಂಪೌಂಡ್ ದಾಟದ ದನಿ

ಇಟ್ಟಮಡು, ಬೆಂಗಳೂರು
14 ಜುಲೈ 2024

ಹೇಮಶ್ರೀಗೆ,

ಹಿಂದೆ ನಿನ್ನ ಹೆಸರಿನ ಮುಂದೆ ಸೌಭಾಗ್ಯವತಿ ಎಂದು ಬರೆಯುತ್ತಿದ್ದೆ. ನನ್ನ ಮಗನಿಂದ ಬಿಡುಗಡೆ ಬೇಕೆಂದು ಕೋರ್ಟಿನಲ್ಲಿ ಸಹಿ ಹಾಕಿದವಳಿಗೆ ಅದು ಬೇಡವಾಗಿರಬೇಕು ಎಂದುಕೊಂಡು ಬಿಟ್ಟಿದ್ದೇನೆ. ಕಾಗದ ನೋಡಿ ಗಾಬರಿಯಾಗಬೇಡ. ಇನ್ನು ನಿನ್ನ ದನಿ ಕೇಳುವುದಿಲ್ಲ ಎಂದು ಅಂದು ನೆಂಟರ ಮುಂದೆ ಹೇಳಿದ್ದೇನೆ, ಹಾಗಾಗಿ ಫೋನು ಮಾಡಲಾರೆ. ಕಾಗದ ಬರೆಯುವುದಿಲ್ಲವೆಂದು ಹೇಳಿರಲಿಲ್ಲ.

ಅರ್ಪಿತಾ ಚೆನ್ನಾಗಿದ್ದಾಳೆ. ಅಜ್ಜಿಯ ಕೈಕೆಳಗೆ ಬೆಳೆಯುವ ಮಗು ಚೆನ್ನಾಗಿಯೇ ಇರುತ್ತದೆ. ಈ ವರ್ಷ ಹತ್ತನೇ ತರಗತಿ. ಹತ್ತು ಮುಗಿದ ಮೇಲೆ ಅಪ್ಪನ ಮನೆಯೋ ಅಮ್ಮನ ಮನೆಯೋ ಎಂಬುದು ಅವಳ ಇಷ್ಟ ಎಂದು ಒಪ್ಪಂದವಾಗಿದೆ. ನನಗೆ ನೆನಪಿದೆ, ನಿನಗೂ ನೆನಪಿರುತ್ತದೆ. ಅವಳ ಇಷ್ಟ ಏನೆಂದು ನನಗೆ ಗೊತ್ತು. ಜಯನಗರದಲ್ಲಿ ಪಿಯುಸಿ ಓದುತ್ತಾಳೆ, ಈ ಮನೆಯಿಂದಲೇ ಹೋಗಿ ಬರುತ್ತಾಳೆ.

ಬರೆಯಬೇಕಾದದ್ದು ಬೇರೆ. ನೀನು ಸೊಸೆಯಾಗಿ ಬಂದಾಗ ನಿನ್ನ ಮಾವನವರು ಹಿತ್ತಲಿನ ಸೈಟಿಗೆ ಸಿಮೆಂಟು ಹಾಕಿಸಿ, ಕಂಬ ನೆಡಿಸಿ, ರಿಂಗು ಕಟ್ಟಿಸಿದ್ದರಲ್ಲ. ನೀನು ಹೋದ ಮೇಲೆ ಅದು ಪಾಳು ಬೀಳಬಾರದೆಂದು ಅವರ ಹೆಸರಿನಲ್ಲೇ ಹೆಣ್ಣುಮಕ್ಕಳ ಬ್ಯಾಸ್ಕೆಟ್‌ಬಾಲ್ ತಂಡ ಮಾಡಿದ್ದೇನೆ. ಗಂಗಾಧರಯ್ಯ ಬಾಲಕಿಯರ ತಂಡ. ಎಲ್ಲರೂ ನಮ್ಮ ಇಟ್ಟಮಡುವಿನ ಮಕ್ಕಳೇ. ಅರ್ಪಿತಾ ಕ್ಯಾಪ್ಟನ್. ಶಾಲೆಯ ಪಿ.ಟಿ. ಮೇಷ್ಟ್ರು ಗುರುಸಿದ್ದ ಅವರು ಸಂಜೆ ಬಂದು ಆಡಿಸುತ್ತಾರೆ.

ಈ ಮಕ್ಕಳಿಗೆ ಚೆಂಡು ಹಾಕುವುದು ಬರುತ್ತದೆ, ತಡೆಯುವುದು ಬರುವುದಿಲ್ಲ. ಕಳೆದ ಭಾನುವಾರ ಪದ್ಮನಾಭನಗರದ ಹುಡುಗಿಯರು ನಮ್ಮ ರಿಂಗಿನ ಕೆಳಗೆ ಸಂತೆಗೆ ಬಂದಂತೆ ಬಂದು ಹೋದರು. ಎದುರುಮನೆಯ ನಾಗಲಕ್ಷ್ಮಮ್ಮ ನನ್ನ ಪಕ್ಕದಲ್ಲೇ ಕೂತು, "ಬೈರಮ್ಮೋರೆ, ನಿಮ್ ಹುಡ್ಗೀರು ಬಲು ಒಳ್ಳೆಯವ್ರು ಕಣ್ರೀ. ಮನೆಗ್ ಬಂದವ್ರನ್ನ ಬ್ಯಾಡ ಅನ್ನೋದೇ ಇಲ್ಲ, ಬನ್ನಿ ಬನ್ನಿ ಅಂತಾರೆ" ಅಂದಳು. ಕಾಫಿ ಲೋಟ ಕೆಳಗಿಟ್ಟು ಒಳಗೆ ಎದ್ದು ಬಂದೆ.

ಅರ್ಪಿತಾ ಅಳಲಿಲ್ಲ. ಷೂ ಬಿಚ್ಚಿ ಮೂಲೆಗೆ ಎಸೆದು ಕೋಣೆ ಸೇರಿದಳು. ಸೋತು ಬೇಸತ್ತ ಮಗುವಿಗೆ ಇರುವ ಜಾಗ ಸಣ್ಣದಾಗಿ ಕಾಣುತ್ತದೆ. ಹಾಗಾಗಲು ನಾನು ಬಿಡುವುದಿಲ್ಲ. ನೀನು ರೈಲ್ವೆ ತಂಡಕ್ಕೆ ಆಡಿದವಳು, ಈಗ ಅಲ್ಲಿ ಹುಡುಗಿಯರಿಗೆ ಕಲಿಸುತ್ತೀಯಂತೆ. ತಡೆಯುವುದನ್ನು ಕಲಿಸುವುದು ಹೇಗೆಂದು ಬರೆ. ನನಗೆ ಬರೆ, ಮಗುವಿಗಲ್ಲ.

ಬೈರಮ್ಮ


ಹುಬ್ಬಳ್ಳಿ
29 ಜುಲೈ 2024

ಅತ್ತೆಯವರಿಗೆ ನಮಸ್ಕಾರ.

ಹೀಗೆ ಕರೆಯಬಹುದೋ ಇಲ್ಲವೋ ಗೊತ್ತಿಲ್ಲ. ನಿಮ್ಮನ್ನು ಕರೆಯಲು ನನ್ನ ಹತ್ತಿರ ಬೇರೆ ಹೆಸರಿಲ್ಲ.

ಅರ್ಪಿತಾ ಚೆನ್ನಾಗಿದ್ದಾಳೆ ಎಂದು ಬರೆದಿದ್ದೀರಿ. ಓದಿದೆ.

ಮೊದಲು ಕಾಲು ಸರಿಯಾಗಬೇಕು. ಎಳೆಯ ಹುಡುಗಿಯರು ಚೆಂಡು ಕಂಡ ಕೂಡಲೇ ಕೈ ಚಾಚುತ್ತಾರೆ. ಕೈ ಚಾಚಿದರೆ ಮೈ ಮುಂದಕ್ಕೆ ಬಾಗುತ್ತದೆ. ಎದುರಿನವಳು ಪಕ್ಕದಿಂದ ಹೊರಟುಹೋಗುತ್ತಾಳೆ, ಇಲ್ಲವೇ ಫೌಲ್ ಆಗುತ್ತದೆ. ಒಬ್ಬೊಬ್ಬಳಿಗೂ ಒಂದು ಟವೆಲ್ ಕೊಟ್ಟು ಅದನ್ನು ಎರಡೂ ಕೈಯಿಂದ ಬೆನ್ನ ಹಿಂದೆ ಹಿಡಿದುಕೊಳ್ಳಲು ಹೇಳಿ. ಮಂಡಿ ಬಗ್ಗಿಸಿ, ಕಾಲಿಗೆ ಕಾಲು ಅಡ್ಡ ಬಾರದ ಹಾಗೆ ಪಕ್ಕಕ್ಕೆ ಸರಿಯುತ್ತಾ ಹೋಗಲಿ. ಕಣ್ಣು ಎದುರಿನವಳ ಸೊಂಟದ ಮೇಲಿರಲಿ. ಚೆಂಡು ಮೋಸ ಮಾಡುತ್ತದೆ, ಮುಖವೂ ಮೋಸ ಮಾಡುತ್ತದೆ. ಸೊಂಟ ಹೋದ ಕಡೆಗೇ ಮನುಷ್ಯ ಹೋಗಬೇಕು.

ಒಂದು ಕೇಳಬೇಕು. ನಮ್ಮವಳೊಬ್ಬಳನ್ನು ಅವರು ದಾಟಿ ಬಂದಾಗ ಉಳಿದ ನಾಲ್ವರು ಏನು ಮಾಡುತ್ತಾರೆ? ನೋಡಿ ಬರೆಯಿರಿ.

ಹೇಮಶ್ರೀ


ಇಟ್ಟಮಡು
18 ಆಗಸ್ಟ್ 2024

ಹೇಮಶ್ರೀಗೆ,

ಟವೆಲ್ ಹಿಡಿಸಿದೆ. ಗುರುಸಿದ್ದ ಮೇಷ್ಟ್ರು, "ಅಮ್ಮಾವ್ರೆ, ಸಖತ್ತಾಗಿದೆ ಇದು! ಎಲ್ಲಿ ಕಲಿತ್ರಿ?" ಎಂದರು. ಟೀವಿಯಲ್ಲಿ ನೋಡಿದೆ ಎಂದೆ. ಅರ್ಪಿತಾ ತಲೆ ಎತ್ತಿ ನನ್ನನ್ನು ಒಮ್ಮೆ ನೋಡಿ ಮತ್ತೆ ಮಂಡಿ ಬಗ್ಗಿಸಿದಳು. ಉಳಿದವರು ತಡವರಿಸುವಾಗ ಅವಳು ಮೊದಲೇ ಬಲ್ಲವಳ ಹಾಗೆ ಸರಿದಳು. ರಕ್ತದಲ್ಲಿ ಬಂದಿರಬೇಕು. ಅವಳ ತಾತ ಗರಡಿಯಲ್ಲಿ ಪಳಗಿದವರು.

ಸ್ವಾತಂತ್ರ್ಯ ದಿನಾಚರಣೆಗೆ ಸಿದ್ದಾಪುರದವರ ಜೊತೆ ಆಟವಿತ್ತು. ಫೌಲು ಕಡಿಮೆಯಾಯಿತು. ಆದರೂ ಸೋತೆವು.

ನಿನ್ನ ಪ್ರಶ್ನೆಗೆ ಉತ್ತರ. ಉಳಿದ ನಾಲ್ವರು ತಮ್ಮ ತಮ್ಮವರ ಪಕ್ಕ ಅಲುಗದೆ ನಿಂತಿರುತ್ತಾರೆ. ಹಾಗೆ ನಿಲ್ಲಲು ಹೇಳಿರುವವಳು ನಾನೇ. ಒಬ್ಬೊಬ್ಬಳಿಗೆ ಒಬ್ಬೊಬ್ಬಳನ್ನು ವಹಿಸಿದ ಮೇಲೆ ಅವಳದನ್ನು ಅವಳು ನೋಡಿಕೊಳ್ಳಬೇಕು. ಇಲ್ಲಿ ಹೊಲಗಳೆಲ್ಲ ಸೈಟುಗಳಾಗುವ ಕಾಲದಲ್ಲಿ ಪಕ್ಕದವನ ಬದುವಿನ ಜಗಳಕ್ಕೆ ಹೋದವರು ತಮ್ಮ ಬದುವನ್ನು ಕಳೆದುಕೊಂಡು ಬಂದರು. ನಾನು ನಮ್ಮ ನೆಲದಿಂದ ಕಾಲು ತೆಗೆಯಲಿಲ್ಲ. ಅದಕ್ಕೇ ಇವತ್ತು ಈ ಮಕ್ಕಳಿಗೆ ಆಡಲು ಜಾಗವಿದೆ.

ಶಿಸ್ತಿನಲ್ಲಿ ಮಾತ್ರ ನಮ್ಮ ಮಕ್ಕಳನ್ನು ಮೀರಿಸುವವರಿಲ್ಲ. ಸಿದ್ದಾಪುರದ ಹುಡುಗಿಯರು ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರು ಕೂಗಿದಂತೆ ಕೂಗುತ್ತಲೇ ಇದ್ದರು. ನಮ್ಮವರ ಬಾಯಿಂದ ಒಂದು ಮಾತಿಲ್ಲ. ಹಿಂದೆ ಕೂತ ಹುಡುಗರು, "ಮಗಾ, ಇಟ್ಟಮಡು ಟೀಮನ್ನ ಮ್ಯೂಟಲ್ಲಿ ಹಾಕವ್ರೆ ಕಣೋ" ಎಂದು ನಗುತ್ತಿದ್ದರು. ನಗಲಿ. ತಾಯಂದಿರು ನನ್ನನ್ನು ನಂಬಿ ಮಕ್ಕಳನ್ನು ಕಳಿಸುವುದು ಅದಕ್ಕೇ.

ಬೈರಮ್ಮ


ಹುಬ್ಬಳ್ಳಿ
6 ಸೆಪ್ಟೆಂಬರ್ 2024

ಅತ್ತೆಯವರಿಗೆ,

ಆಟದಲ್ಲಿ ಬದುವಿಲ್ಲ. ಚೆಂಡು ಎಡಗಡೆ ಇದ್ದರೆ ಬಲಗಡೆಯ ಹುಡುಗಿ ತನ್ನವಳನ್ನು ಸ್ವಲ್ಪ ಬಿಟ್ಟು ನಡುವಿಗೆ ಬಂದು ನಿಲ್ಲಬೇಕು. ಗೆಳತಿಯನ್ನು ದಾಟಿ ಬಂದವಳಿಗೆ ಅವಳು ಅಡ್ಡ ಹೋಗಬೇಕು. ಅವಳು ಬಿಟ್ಟುಬಂದ ಜಾಗಕ್ಕೆ ಇನ್ನೊಬ್ಬಳು ಓಡಬೇಕು. ಇದನ್ನು ಗುರುಸಿದ್ದ ಅವರು ನಾಲ್ಕು ದಿನದಲ್ಲಿ ಕಲಿಸಬಲ್ಲರು.

ಆದರೆ ನಿಮ್ಮ ಕಾಗದದ ಕೊನೆಯ ಸಾಲುಗಳನ್ನು ಮತ್ತೆ ಮತ್ತೆ ಓದಿದೆ. ಹೆಣ್ಣುಮಕ್ಕಳ ದನಿ ಕಾಂಪೌಂಡ್ ದಾಟಬಾರದು ಎಂಬ ನಿಮ್ಮ ನಿಯಮ ಇನ್ನೂ ಇದೆಯೇ? ಇದ್ದರೆ ನಾನು ಬರೆಯುವ ಬೇರೆ ಯಾವುದರಿಂದಲೂ ಪ್ರಯೋಜನವಿಲ್ಲ. ಚೆಂಡು ಹಿಡಿದವಳನ್ನು ಕಾಯುವ ಹುಡುಗಿ ಹಿಂದಕ್ಕೆ ಸರಿಯುತ್ತಿರುತ್ತಾಳೆ. ಎದುರು ತಂಡದ ಇನ್ನೊಬ್ಬಳು ಬಂದು ಅವಳ ದಾರಿಗೆ ಗೋಡೆಯಂತೆ ನಿಲ್ಲುತ್ತಾಳೆ, ಸ್ಕ್ರೀನ್ ಎನ್ನುತ್ತಾರೆ ಅದಕ್ಕೆ. ಬೆನ್ನ ಹಿಂದಿನ ಗೋಡೆ ಅವಳಿಗೆ ಕಾಣುವುದಿಲ್ಲ. ಹಿಂದೆ ಇರುವ ಗೆಳತಿಗೆ ಕಾಣುತ್ತದೆ. ಕಂಡವಳು ಕೂಗಿ ಹೇಳಬೇಕು, ಗಟ್ಟಿಯಾಗಿ, ಮುಂಚಿತವಾಗಿ. ಕೂಗದ ತಂಡದಲ್ಲಿ ಐದು ಜನ ಇರುವುದಿಲ್ಲ, ಒಬ್ಬೊಬ್ಬರೇ ಐದು ಕಡೆ ಇರುತ್ತಾರೆ.

ಕೂಗಿ ಕೂಗಿ ಒಡೆದ ದನಿ ಹೊತ್ತು ನಾನು ನಿಮ್ಮ ಮನೆ ತುಂಬಿದೆ. ಮೊದಲ ದಿನ ನಿಮ್ಮ ಅಕ್ಕನವರಿಗೆ ನೀವು ಹೇಳಿದ್ದು, "ಹುಡ್ಗಿ ಲಕ್ಷಣವಾಗವ್ಳೆ, ಗಂಟ್ಲು ಮಾತ್ರ ಗಂಡಸಿಂದು." ಅಡುಗೆಮನೆಯಲ್ಲಿದ್ದೆ, ಕೇಳಿಸಿತು. ಆಮೇಲೆ ಆ ಮನೆಯಲ್ಲಿ ಇದ್ದಷ್ಟು ವರ್ಷ ಗಂಟಲು ಹಿಡಿದುಕೊಂಡೇ ಮಾತಾಡಿದೆ.

ಹೇಮಶ್ರೀ


ಇಟ್ಟಮಡು
22 ಸೆಪ್ಟೆಂಬರ್ 2024

ಹೇಮಶ್ರೀಗೆ,

ಆಟದ ಬಗ್ಗೆ ಕೇಳಿದರೆ ಮನೆಯ ವಿಷಯ ಬರೆಯುತ್ತೀಯ. ಬುದ್ಧಿ ಹಾಗೆಯೇ ಇದೆ.

ಮನೆಯ ನಿಯಮ ತಂಡಕ್ಕೂ ಯಾಕೆ ಬಂತೆಂದು ನಿನಗೆ ಗೊತ್ತಿಲ್ಲ. ತಂಡ ಶುರುವಾದ ಹೊಸದರಲ್ಲಿ ಈ ಮಕ್ಕಳು ಕೂಗಾಡುತ್ತಿದ್ದರು. ರಸ್ತೆಯಲ್ಲಿ ಬೈಕು ನಿಲ್ಲಿಸಿಕೊಂಡು ಪುಂಡರು ಅವರ ಹಾಗೆಯೇ ಕೂಗಿ ಅಣಕಿಸುತ್ತಿದ್ದರು. ಒಬ್ಬೊಬ್ಬಳೇ ತಾಯಿ ಮಗಳನ್ನು ಬಿಡಿಸಿದಳು. ನಾನು ಮನೆಮನೆಗೆ ಹೋಗಿ, "ದನಿ ಹೊರಗ್ ಬರಲ್ಲ, ನಾನಿದೀನಿ, ಕಳ್ಸಿ" ಎಂದು ಮಾತು ಕೊಟ್ಟೆ. ಅವರು ಕಳಿಸಿದರು. ಆ ನಿಯಮ ಇಲ್ಲದಿದ್ದರೆ ತಂಡವೇ ಇಲ್ಲ. ನೀನು ಹುಬ್ಬಳ್ಳಿಯಲ್ಲಿ ಕೂತು ಸುಲಭವಾಗಿ ಬರೆಯುತ್ತೀಯ.

ಅರ್ಪಿತಾ ಮನೆಯಲ್ಲೂ ದನಿ ಎತ್ತುವುದಿಲ್ಲ. ಕರೆದರೆ ಬರುತ್ತಾಳೆ, ಬಡಿಸಿದ್ದನ್ನು ಉಣ್ಣುತ್ತಾಳೆ, ಹೇಳಿದ್ದಕ್ಕೆ ಹೂಂ ಎನ್ನುತ್ತಾಳೆ. ಎದುರು ಮಾತಿಲ್ಲ. ನಿನ್ನ ಹತ್ತಿರ ಇದ್ದಿದ್ದರೆ ಇಂಥ ಮಗಳಾಗುತ್ತಿದ್ದಳೇ?

ಕೂಗದೆ ತಡೆಯುವ ದಾರಿ ಇದ್ದರೆ ಬರೆ. ಇಲ್ಲದಿದ್ದರೆ ಬರೆಯಬೇಡ.

ಬೈರಮ್ಮ


ಇಟ್ಟಮಡು
10 ನವೆಂಬರ್ 2024

ಹೇಮಶ್ರೀಗೆ,

ನೀನು ಬರೆಯಲಿಲ್ಲ. ದಸರೆ ಹೋಯಿತು, ದೀಪಾವಳಿ ಹೋಯಿತು. ನಾನು ಹೇಳಿದ ಮಾತನ್ನು ನೀನು ಮೊದಲ ಸಲ ಕೇಳಿದ್ದೀಯ, ಅದೂ ಬೇಡದ ಹೊತ್ತಿನಲ್ಲಿ.

ಹೋದ ವಾರ ಬನಶಂಕರಿಯಲ್ಲಿ ಆಟವಿತ್ತು. ನಮ್ಮ ತಂಡದ ಸರ್ವಮಂಗಳಾ ಎಂಬ ಹುಡುಗಿ, ಅರ್ಪಿತಾಳ ಜೀವದ ಗೆಳತಿ, ಚೆಂಡು ಹಿಡಿದವಳನ್ನು ಕಾಯುತ್ತಾ ವೇಗವಾಗಿ ಹಿಂದಕ್ಕೆ ಸರಿಯುತ್ತಿದ್ದಳು. ನೀನು ಬರೆದಿದ್ದ ಆ ಗೋಡೆ ಅವಳ ಹಿಂದೆ ಬಂದು ನಿಂತಿತು, ಎತ್ತರದ ಗಟ್ಟಿ ಹುಡುಗಿ. ಸರ್ವಮಂಗಳಾ ತಿರುಗುವಷ್ಟರಲ್ಲಿ ಅವಳ ಬಾಯಿ ಆ ಹುಡುಗಿಯ ಭುಜಕ್ಕೆ ಬಡಿಯಿತು. ಮುಂದಿನ ಹಲ್ಲು ಮುರಿದು ತುಟಿ ಸೀಳಿತು. ಅರ್ಪಿತಾ ಹಿಂದೆಯೇ ಇದ್ದಳು. ಅವಳಿಗೆ ಎಲ್ಲ ಕಾಣುತ್ತಿತ್ತು. ಬಾಯಿ ತೆರೆದಳು, ದನಿ ಬರಲಿಲ್ಲ. ನಾನು ನೋಡಿದೆ.

ಆಸ್ಪತ್ರೆಯಲ್ಲಿ ಸರ್ವಮಂಗಳಾಳ ತಾಯಿ ಅರ್ಪಿತಾಳ ತೋಳು ಹಿಡಿದು ಅಲುಗಾಡಿಸಿದಳು. "ಕಣ್ಣಾರೆ ನೋಡ್ತಿದ್ದೆ ಅಲ್ವೇನೇ? ಒಂದ್ ಸಲ ಅವಳ ಹೆಸ್ರು ಕೂಗೋಕೆ ಏನಾಗಿತ್ತೇ ನಿಂಗೆ?" ಅರ್ಪಿತಾ ನನ್ನ ಕಡೆ ತಿರುಗಿದಳು. ಆಮೇಲೆ ಮಕ್ಕಳೆಲ್ಲ ನನ್ನ ಕಡೆ ತಿರುಗಿದರು. ಗುರುಸಿದ್ದ ಮೇಷ್ಟ್ರು ಮಾತ್ರ ಗೋಡೆಯ ಮೇಲಿನ ಗಡಿಯಾರ ನೋಡುತ್ತಿದ್ದರು.

ಕಾಂಪೌಂಡ್ ಗೋಡೆಯ ಮೇಲೆ ಸುತ್ತಲೂ ಎತ್ತರಕ್ಕೆ ತಗಡಿನ ಶೀಟು ಹಾಕಿಸಿದ್ದೇನೆ. ಒಳಗಿನ ಸದ್ದು ಈಗ ಒಳಗೇ ಇರುತ್ತದೆ. ನಿಯಮ ಬದಲಾಗಿಲ್ಲ, ಗೋಡೆ ಎತ್ತರವಾಗಿದೆ ಅಷ್ಟೆ. ಏನು ಕೂಗಬೇಕು, ಯಾರು ಕೂಗಬೇಕು, ಬರೆ.

ಬೈರಮ್ಮ


ಹುಬ್ಬಳ್ಳಿ
17 ನವೆಂಬರ್ 2024

ಅತ್ತೆಯವರಿಗೆ,

ಸರ್ವಮಂಗಳಾಳ ಸುದ್ದಿ ಓದಿ ಸಂಕಟವಾಯಿತು. ಹಲ್ಲು ಕಟ್ಟಿಸಬಹುದು. ಅವಳು ಮತ್ತೆ ಹಿಂದಕ್ಕೆ ಸರಿಯಲು ಹೆದರಿದರೆ ಅದೇ ಕಷ್ಟ. ಅವಳ ಹಿಂದೆ ಸದಾ ದನಿಯಿರುವ ಒಬ್ಬಳನ್ನು ನಿಲ್ಲಿಸಿ.

ಕೂಗಬೇಕಾದವಳು ಎಲ್ಲರಿಗಿಂತ ಹಿಂದೆ, ರಿಂಗಿನ ಮುಂದೆ ನಡುವಿನಲ್ಲಿ ನಿಲ್ಲುವವಳು. ಇಡೀ ಅಂಗಳ ಅವಳಿಗೆ ಕಾಣುತ್ತದೆ. ಮಾತು ಚಿಕ್ಕದಿರಲಿ. "ಸ್ಕ್ರೀನ್ ಎಡಕ್ಕೆ." "ಬಿಡು, ನಾನಿದೀನಿ." "ಹಿಂದೆ ಬಂದ್ಲು." ಉಳಿದವರು ಕೇಳಿಸಿತೆಂದು ತಿರುಗಿ ಕೂಗಬೇಕು. ಉತ್ತರ ಬಾರದಿದ್ದರೆ ಕೂಗಿದವಳು ಮುಂದಿನ ಸಲ ಸುಮ್ಮನಾಗುತ್ತಾಳೆ. ಮನುಷ್ಯರ ಸ್ವಭಾವವೇ ಹಾಗೆ.

ಮೊದಲ ದಿನ ಯಾರಿಗೂ ದನಿ ಬರುವುದಿಲ್ಲ. ಅಂಗಳದ ಒಂದು ತುದಿಯಲ್ಲಿ ಒಬ್ಬಳನ್ನೂ ಇನ್ನೊಂದು ತುದಿಯಲ್ಲಿ ಇನ್ನೊಬ್ಬಳನ್ನೂ ನಿಲ್ಲಿಸಿ ಒಬ್ಬರ ಹೆಸರನ್ನು ಒಬ್ಬರು ಕೂಗಲಿ. ನಾಚಿಕೆ ಬಿಟ್ಟ ಮೇಲೆ ಆಟಕ್ಕೆ ಇಳಿಸಿ.

ಇನ್ನೊಂದು ಮಾತು, ತಪ್ಪು ತಿಳಿಯಬೇಡಿ. ಅಭ್ಯಾಸದ ಹೊತ್ತಿನಲ್ಲಿ ನೀವು ಕುರ್ಚಿ ಹಾಕಿಕೊಂಡು ಅಲ್ಲಿ ಕೂರಬೇಡಿ. ನೀವು ಕೂತಿದ್ದರೆ ಅವರು ಕೂಗುವುದಿಲ್ಲ.

ಹೇಮಶ್ರೀ


ಇಟ್ಟಮಡು
15 ಡಿಸೆಂಬರ್ 2024

ಹೇಮಶ್ರೀಗೆ,

ನನ್ನ ಜಾಗದಲ್ಲಿ ನಾನು ಕೂರಬಾರದೆಂದು ಬರೆಯಲು ಧೈರ್ಯ ಬೇಕು. ಆದರೂ ಅಡುಗೆಮನೆಯಲ್ಲಿ ಕೂತೆ. ಅವರೆಕಾಯಿ ಬಿಡಿಸುವುದಿತ್ತು.

ಮೊದಲ ದಿನ ಗುರುಸಿದ್ದರ ಸೀಟಿ ಮಾತ್ರ ಕೇಳಿಸಿತು. ಎರಡನೆಯ ದಿನ ಸರ್ವಮಂಗಳಾ ಕೂಗಿದಳು, ಹಲ್ಲಿಲ್ಲದ ಬಾಯಲ್ಲಿ. ಎಲ್ಲರೂ ನಕ್ಕರು, ಅವಳೂ ನಕ್ಕಳು. ಆಮೇಲೆ ಒಬ್ಬೊಬ್ಬರದೇ ಶುರುವಾಯಿತು. ವಾರ ಕಳೆದ ಮೇಲೆ ಒಂದು ಸಂಜೆ, "ಬಿಡೇ ಅವಳನ್ನ! ನಾನಿದೀನಿ!" ಎಂದು ಕೇಳಿಸಿತು. ಒಡೆದ, ಒರಟು ದನಿ. ಕೈಯಲ್ಲಿದ್ದ ಮೊರ ಕೆಳಗಿಟ್ಟೆ. ನೀನು ಹೇಳದೆ ಕೇಳದೆ ಹಿತ್ತಲಿಗೆ ಬಂದುಬಿಟ್ಟಿದ್ದೀಯ ಎಂದುಕೊಂಡು ಬಾಗಿಲಿನವರೆಗೂ ಹೋದೆ. ಅರ್ಪಿತಾ.

ಭಾನುವಾರ ಪದ್ಮನಾಭನಗರದವರ ಅಂಗಳದಲ್ಲೇ ಅವರನ್ನು ಸೋಲಿಸಿದೆವು. ಅವರ ಹುಡುಗಿಯರಿಗೆ ನಮ್ಮ ರಿಂಗಿನ ಹತ್ತಿರ ಬರುವ ದಾರಿಯೇ ಸಿಗಲಿಲ್ಲ. ಎಲ್ಲಿ ಹೋದರೂ ಒಬ್ಬಳು ಎದುರಿಗೆ, ಅವಳ ಹಿಂದೆ ಇನ್ನೊಬ್ಬಳು, ಎಲ್ಲರ ಹಿಂದೆ ನನ್ನ ಮೊಮ್ಮಗಳ ದನಿ. ನಾಗಲಕ್ಷ್ಮಮ್ಮ, "ಅಬ್ಬಬ್ಬಾ, ನಿಮ್ ಮೊಮ್ಮಗಳು ಪೊಲೀಸ್ ಆಗ್ಬೇಕಿತ್ತು ಕಣ್ರೀ" ಎಂದಳು. ಅವಳ ಕೈಗೆ ಬಾಳೆಹಣ್ಣು ಕೊಟ್ಟೆ.

ಈಗ ಹೇಳುತ್ತೇನೆ. ನಿನಗೆ ಕಾಗದ ಬರೆದದ್ದು ಕಪ್ಪಿನ ಆಸೆಗಲ್ಲ. ಗೆಲ್ಲುವ ತಂಡ ಬಿಟ್ಟು, ಅದರ ಕ್ಯಾಪ್ಟನ್ ಪಟ್ಟ ಬಿಟ್ಟು ಯಾವ ಹುಡುಗಿಯೂ ಬೇರೆ ಊರಿಗೆ ಹೋಗುವುದಿಲ್ಲ. ಮಾರ್ಚಿನಲ್ಲಿ ಪರೀಕ್ಷೆ, ಆಮೇಲೆ ಜಯನಗರದ ಕಾಲೇಜು. ಅವಳನ್ನು ಇಲ್ಲಿ ಉಳಿಸಿಕೊಳ್ಳುವುದಕ್ಕೆ ನೀನೇ ಕೈಯಾರೆ ಸಹಾಯ ಮಾಡಿದ್ದೀಯ. ಅದಕ್ಕೆ ಉಪಕಾರ ಎಂದು ಬರೆಯುವುದು ನನಗೆ ಕಷ್ಟವಲ್ಲ. ಉಪಕಾರವಾಯಿತು.

ಬೈರಮ್ಮ


ಹುಬ್ಬಳ್ಳಿ
28 ಡಿಸೆಂಬರ್ 2024

ಅತ್ತೆಯವರಿಗೆ,

ಗೆದ್ದದ್ದು ಸಂತೋಷ.

ನೀವು ಯಾಕೆ ಬರೆಯುತ್ತಿದ್ದೀರಿ ಎಂಬುದು ಮೊದಲ ಕಾಗದದಲ್ಲೇ ತಿಳಿದಿತ್ತು. ತಿಳಿದೇ ಉತ್ತರ ಬರೆದೆ. ಆಟದ ವಿಷಯದಲ್ಲಿ ಸುಳ್ಳು ಬರೆಯಲು ನನಗೆ ಬರುವುದಿಲ್ಲ.

ಅರ್ಪಿತಾ ನಿಮಗೆ ಏನಾದರೂ ಹೇಳಿದರೆ ಪೂರ್ತಿ ಕೇಳಿ. ಇದಕ್ಕಿಂತ ಹೆಚ್ಚು ನಾನು ಬರೆಯುವುದು ಸರಿಯಲ್ಲ.

ಹೇಮಶ್ರೀ


ಇಟ್ಟಮಡು
26 ಜನವರಿ 2025

ಹೇಮಶ್ರೀ,

ಸಂಕ್ರಾಂತಿಯ ದಿನ ಎಳ್ಳುಬೆಲ್ಲಕ್ಕೆ ತಂಡದ ಮಕ್ಕಳನ್ನೆಲ್ಲ ಮನೆಗೆ ಕರೆದಿದ್ದೆ. ಅವರ ತಾಯಂದಿರೂ ಬಂದಿದ್ದರು, ನಾಗಲಕ್ಷ್ಮಮ್ಮನೂ ಇದ್ದಳು. ಅವರ ಮುಂದೆ ಹೇಳಿದೆ, ಅರ್ಪಿತಾ ಜಯನಗರದಲ್ಲಿ ಕಾಲೇಜು ಸೇರುತ್ತಾಳೆ, ತಂಡ ಇನ್ನೂ ಕೆಲವು ವರ್ಷ ಅವಳ ಕೈಯಲ್ಲೇ ಇರುತ್ತದೆ ಎಂದು. ಅವಳು ಸಕ್ಕರೆ ಅಚ್ಚಿನ ತಟ್ಟೆ ಹಿಡಿದು ಕೊಡುತ್ತಿದ್ದವಳು ತಟ್ಟೆಯನ್ನು ಕೆಳಗಿಟ್ಟಳು.

"ಇಲ್ಲ ಅಜ್ಜಿ. ನಾನು ಅಮ್ಮನ ಹತ್ರ ಹೋಗ್ತೀನಿ. ಹುಬ್ಬಳ್ಳೀಲೇ ಕಾಲೇಜು."

ಆ ದನಿ ನಡುಮನೆ ದಾಟಿ, ಜಗಲಿ ದಾಟಿ ರಸ್ತೆಗೆ ಹೋಯಿತು. ನಾನು, "ಜನ ಇದಾರೆ, ಮೆಲ್ಲಗೆ ಮಾತಾಡು" ಎಂದೆ.

"ಮೆಲ್ಲಗೆ ಹೇಳಿದ್ದೆ ಅಜ್ಜಿ. ಜೂನಲ್ಲಿ ಹೇಳ್ದೆ. ಗೌರಿ ಹಬ್ಬದಲ್ಲೂ ಹೇಳ್ದೆ. ನೀನು ಹಾಲು ಉಕ್ತಿದೆ ನೋಡು ಅಂದೆ."

ಅವಳು ಹೇಳಿದ್ದು ನನಗೆ ನೆನಪಿಲ್ಲ. ಹೇಳಿದ್ದರೆ ನನಗೆ ಕೇಳಿಸುತ್ತಿತ್ತು. ಮನುವಿನ ಕಡೆ ನೋಡಿದೆ. ನಿನ್ನ ಗಂಡನಾಗಿದ್ದವನು ಕೊಬ್ಬರಿ ಅಗಿಯುತ್ತಾ, "ಹೋಗ್ಲಿ ಬಿಡಮ್ಮ, ಅವಳ ಇಷ್ಟ" ಎಂದ. ತಾಯಂದಿರು ಒಬ್ಬೊಬ್ಬರೇ ಕುಂಕುಮ ತೆಗೆದುಕೊಂಡು ಎದ್ದರು. ನಾಗಲಕ್ಷ್ಮಮ್ಮ ಮಾತ್ರ ಏಳಲಿಲ್ಲ.

ಆಮೇಲೆ ಎಲ್ಲ ಹೊರಗೆ ಬಂತು. ಅರ್ಪಿತಾ ಸರ್ವಮಂಗಳಾಳ ಫೋನಿನಿಂದ ವಾರವಾರವೂ ನಿನ್ನ ಜೊತೆ ಮಾತಾಡುತ್ತಿದ್ದಳಂತೆ. ಟವೆಲ್ ಹಿಡಿಯುವುದನ್ನು ನನಗಿಂತ ಮೊದಲೇ ನಿನ್ನಿಂದ ಕಲಿತಿದ್ದಳಂತೆ. ಜೂನಿನಲ್ಲೇ ಅವಳು ಬರುತ್ತಾಳೆಂದು ನಿನಗೆ ಗೊತ್ತಿತ್ತು. ಗೊತ್ತಿದ್ದೂ, ಕಾಲು ಎಲ್ಲಿಡಬೇಕು ಕಣ್ಣು ಎಲ್ಲಿರಬೇಕು ಎಂದು ನನಗೆ ಪಾಠ ಬರೆಯುತ್ತಾ ಕೂತಿದ್ದೆ. ಅವಳ ಬಾಯಿ ಬಿಡಿಸಿದವಳು ನೀನು. ನನ್ನ ಅಂಗಳದಲ್ಲಿ, ನನ್ನ ಕೈಯಿಂದಲೇ ಬಿಡಿಸಿದೆ.

ಹಿತ್ತಲಿನ ಗೇಟಿಗೆ ಬೀಗ ಹಾಕಿದ್ದೇನೆ. ತಂಡ ಇಲ್ಲ.

ಬೈರಮ್ಮ


ಹುಬ್ಬಳ್ಳಿ
5 ಫೆಬ್ರವರಿ 2025

ಅತ್ತೆ,

ಹೌದು, ಜೂನಿನಲ್ಲೇ ಗೊತ್ತಿತ್ತು. ಅವಳು ನನ್ನ ಹತ್ತಿರ ಅತ್ತಳು. ನಾನು ಅವಳಿಗೆ ಹೇಳಿದ್ದು ಇಷ್ಟು: ಅಜ್ಜಿಯ ಎದುರಿಗೆ ನಿಂತು ನೀನೇ ಹೇಳಿ, ಅವರಿಗೆ ಕೇಳಿಸಿದ ಮೇಲೆ ಬಾ. ಕದ್ದು ಬಂದರೆ ನಾನು ಬಾಗಿಲು ತೆಗೆಯುವುದಿಲ್ಲ. ಅವಳು ಎರಡು ಸಲ ಹೇಳಿ ಸೋತು ನನಗೆ ಫೋನು ಮಾಡಿದಳು. ಮತ್ತೆ ಹೇಳು ಎಂದೆ. ಅವಳನ್ನು ಅಷ್ಟು ತಿಂಗಳು ನಿಮ್ಮ ಮನೆಯಲ್ಲಿ ಉಳಿಸಿದವಳು ನಾನು. ನಿಮಗೆ ಅದು ಲೆಕ್ಕಕ್ಕೆ ಬರುವುದಿಲ್ಲವೆಂದು ಗೊತ್ತು.

ನಾನು ಆ ಮನೆಯಿಂದ ಹೊರಟಾಗ ನಿಮಗೆ ಎದುರು ನಿಂತು ಒಂದು ಮಾತೂ ಹೇಳಲಿಲ್ಲ. ವಕೀಲರು ಹೇಳಿದರು. ಮಗಳು ಹಾಗೆ ಬರಬಾರದೆಂದುಕೊಂಡೆ.

ಕೋಪ ನನ್ನ ಮೇಲಿರಲಿ. ಬೀಗ ತೆಗೆಯಿರಿ. ಉಳಿದ ಮಕ್ಕಳು ಎಲ್ಲಿಗೂ ಹೊರಟಿಲ್ಲ.

ಹೇಮಶ್ರೀ


ಇಟ್ಟಮಡು
25 ಮೇ 2025

ಹೇಮಶ್ರೀಗೆ,

ಅವಳು ಬಂದು ಸೇರಿದ್ದಾಳೆಂದು ಮನು ಹೇಳಿದ. "ಮನೆ ಚೆನ್ನಾಗಿದೆ ಕಣಮ್ಮ, ಗಾಳಿ ಬೆಳಕು ಬರುತ್ತೆ" ಎಂದ. ನಾನು ಕೇಳಿರಲಿಲ್ಲ.

ಹೊರಡುವಾಗ ಕಾಲಿಗೆ ಬಿದ್ದಳು. ಒಳ್ಳೆಯದಾಗಲಿ ಎಂದೆ, ಎನ್ನಲೇಬೇಕಲ್ಲ. ಆಟೋ ಹತ್ತಿದ ಮೇಲೆ, "ಅಜ್ಜೀ, ಬರ್ತೀನೀ" ಎಂದು ಬೀದಿಯೆಲ್ಲ ಕೇಳುವ ಹಾಗೆ ಕೂಗಿದಳು. ನನಗೆ ಕೇಳಿಸಿತು. ಅಡುಗೆಮನೆಯಲ್ಲಿದ್ದೆ. ಹೊರಗೆ ಬರಲಿಲ್ಲ.

ಬೀಗದ ವಿಷಯ. ಪರೀಕ್ಷೆ ಮುಗಿದ ಮಾರನೆಯ ದಿನವೇ ಸರ್ವಮಂಗಳಾ ಉಳಿದವರನ್ನು ಕಟ್ಟಿಕೊಂಡು ಬಂದು ಗೇಟಿನ ಹೊರಗೆ ನಿಂತಳು. "ಅಜ್ಜೀ, ಗೇಟ್ ತೆಗೀರೀ!" ಎಲ್ಲರೂ ಸೇರಿ ಕೂಗತೊಡಗಿದರು. ಕಿಟಕಿ ಮುಚ್ಚಿದೆ. ನಿಲ್ಲಿಸಲಿಲ್ಲ. ಎದುರುಮನೆಯವಳು ಜಗಲಿಗೆ ಕುರ್ಚಿ ತಂದು ಹಾಕಿಕೊಂಡು ಕೂತಳು. ಹೋಗಿ ಬೀಗ ತೆಗೆದೆ. ಹೆಣ್ಣುಮಕ್ಕಳು ಬೀದಿಯಲ್ಲಿ ನಿಂತು ಕಿರುಚುವುದು ನನಗೆ ಸೇರುವುದಿಲ್ಲ. ನಿನ್ನ ಮಾತಿಗೆ ತೆಗೆದೆ ಎಂದು ತಿಳಿಯಬೇಡ.

ಈಗ ಸರ್ವಮಂಗಳಾ ಕ್ಯಾಪ್ಟನ್. ಕಾಲು ಚುರುಕಾಗಿದೆ, ಹೆದರಿಕೆ ಹೋಗಿದೆ. ಆದರೆ ನಡುವಿನ ಜಾಗ ಹಾಳಾಗಿದೆ. ಅಲ್ಲಿ ಒಬ್ಬಳನ್ನು ನಿಲ್ಲಿಸಿದರೆ ದನಿ ಸಾಲದು, ಇನ್ನೊಬ್ಬಳನ್ನು ನಿಲ್ಲಿಸಿದರೆ ಕೂಗುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಬಂದವರೆಲ್ಲ ಅಲ್ಲಿಂದಲೇ ನುಗ್ಗುತ್ತಾರೆ. ನಾನು ಅಡುಗೆಮನೆಯಲ್ಲಿ ಕೂತು ಕೇಳುತ್ತಿರುತ್ತೇನೆ. ಎಲ್ಲರ ದನಿಯೂ ಇದೆ, ನಡುವಿನಿಂದ ಬರಬೇಕಾದ್ದು ಬರುವುದಿಲ್ಲ.

ಅಲ್ಲಿ ನಿಲ್ಲುವವಳನ್ನು ಆರಿಸುವುದು ಹೇಗೆ, ತಯಾರು ಮಾಡುವುದು ಹೇಗೆ, ಬೇಗ ಬರೆ. ಅವಳ ವಿಷಯ ಬರೆಯಬೇಡ.

ಬೈರಮ್ಮ